ಎಂಟು ತಿಂಗಳೆಂದರೆ ಎಷ್ಟು ವಾರ? ಕುರಿಮರಿಯ ಉಸಿರು ಕಲಿಸಿದ ಪಾಠ

“ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ.” ಈ ಮಾತು ನಮ್ಮ ಮನೆಗಳಲ್ಲಿ ಇವತ್ತಿಗೂ ಉಂಟು. ಬ್ಯಾರಿಗಳಲ್ಲಿ ಮಾತ್ರ ಅಲ್ಲ, ಪಕ್ಕದ ಮನೆಯ ಹಿಂದೂ ಅಜ್ಜಿಯೂ ಇದನ್ನೇ ಹೇಳುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ವೈದ್ಯ ಹಿಪ್ಪೊಕ್ರಾಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲೂ ಎಂಟು ತಿಂಗಳ ಮಗುವಿನ ಬಗ್ಗೆ ಇದೇ ನಂಬಿಕೆ ಕಾಣುತ್ತದೆ. ಅಷ್ಟು ಹಳೆಯ ಮಾತು. ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಅದು ಸರಿಯಾಗಬೇಕೆಂದಿಲ್ಲ. ಹೊಟ್ಟೆಯೊಳಗೆ ಮಗು ಕಳೆಯುವ ಪ್ರತಿಯೊಂದು ವಾರವೂ ಅದರ ಉಸಿರಿಗೆ ಲಾಭ. ಎಂಟು ತಿಂಗಳ ಮಗುವಿನ ಶ್ವಾಸಕೋಶ ಏಳು ತಿಂಗಳ ಮಗುವಿನದ್ದಕ್ಕಿಂತ ಹೆಚ್ಚು ಮಾಗಿರುತ್ತದೆ, ಕಡಿಮೆ ಅಲ್ಲ.

ಇದನ್ನು ಯಾರೋ ಊಹೆ ಮಾಡಿ ಹೇಳಿದ್ದಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕುರಿಮರಿ, ಮೊಲದ ಮರಿ, ಇಲಿಮರಿಗಳ ಶ್ವಾಸಕೋಶವನ್ನು ತೆಳ್ಳಗೆ ಕೊಯ್ದು, ಗೆರೆ ಹಾಕಿ, ಎಣಿಸಿ, ಅಳೆದು ಕಂಡುಕೊಂಡದ್ದು. ಆ ಅಳತೆಯ ಕಥೆ ನಮ್ಮ ಕರ್ನಾಟಕದ ಬೆಳಗಾವಿಗೂ ಬಂದು ಮುಟ್ಟುತ್ತದೆ. ಅಲ್ಲಿಂದ ಅದು ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳ ಹೆರಿಗೆಗೂ ಸಂಬಂಧಪಡುತ್ತದೆ.

ರಾಮತೀರ್ಥ ನಗರದಲ್ಲಿ ಕೇಳಿದ ಪ್ರಶ್ನೆ

ಕರಾವಳಿಯಿಂದ ವ್ಯಾಪಾರಕ್ಕೆಂದು ಹೋಗಿ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಪರಿಚಯದವರೊಬ್ಬರ ಮನೆಗೆ ನಾವು ಹೋಗಿದ್ದೆವು. ಮನೆಯ ಸೊಸೆ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಹುಡುಗಿಯನ್ನು ತವರಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ವಾಡಿಕೆ ತಾನೇ? ಕರೆದೊಯ್ಯಲು ಬಂದಿದ್ದ ಹುಡುಗಿಯ ಉಮ್ಮ ನಮ್ಮನ್ನು ಕೇಳಿದರು, “ಉಸ್ತಾದರೇ, ಈಗಲೇ ಬಸ್ಸಿನಲ್ಲಿ ಕರ್ಕೊಂಡು ಹೋಗ್ಬೇಕಾ, ಎಂಟು ದಾಟಲಿ ಅಂತ ಕಾಯ್ಬೇಕಾ? ದಾರಿಯಲ್ಲಿ ಏನಾದ್ರೂ ಆದ್ರೆ? ಏಳಕ್ಕಾದ್ರೆ ಮಗು ಉಳಿಯುತ್ತೆ ಅಂತಾರಲ್ವಾ?”

ನಾವು ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವರು, ವೈದ್ಯರಲ್ಲ. “ಉಮ್ಮಾ, ಅದನ್ನು ಡಾಕ್ಟರ್ ಹತ್ರ ಕೇಳ್ಬೇಕು, ಉಸ್ತಾದ್ ಹತ್ರ ಅಲ್ಲ” ಎಂದೆವು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವಂಥದ್ದಲ್ಲ. ರಾಮತೀರ್ಥ ನಗರದಿಂದ ಹೆಚ್ಚು ದೂರವಿಲ್ಲದ ನೆಹರು ನಗರದಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇದೆ. ದಿನ ತುಂಬದ ಮಕ್ಕಳ ಉಸಿರಿನ ಬಗ್ಗೆ ಇಡೀ ಜಗತ್ತು ಓದಿದ ಎರಡು ದೊಡ್ಡ ಅಧ್ಯಯನಗಳಲ್ಲಿ ಆ ಕಾಲೇಜಿನ ಸಂಶೋಧಕರು ಪಾಲುಗೊಂಡಿದ್ದರು. ಆ ಉಮ್ಮನ ಪ್ರಶ್ನೆಗೆ ಬೇಕಾದ ಅರ್ಧ ಉತ್ತರ ಅವರ ಮನೆಯ ಹತ್ತಿರವೇ ಇತ್ತು.

ಉಸಿರಿನ ಮನೆ ಕಟ್ಟುವ ಕೆಲಸ

ಮೊದಲು ಶ್ವಾಸಕೋಶ ಹೇಗೆ ಬೆಳೆಯುತ್ತದೆ ನೋಡೋಣ. ಹೊಟ್ಟೆಯಲ್ಲಿರುವ ಮಗು ಗಾಳಿ ಉಸಿರಾಡುವುದಿಲ್ಲ, ತಾಯಿಯ ರಕ್ತದಿಂದಲೇ ಆಮ್ಲಜನಕ ಪಡೆಯುತ್ತದೆ. ಅದರ ಶ್ವಾಸಕೋಶದಲ್ಲಿ ತುಂಬಿರುವುದು ನೀರಿನಂಥ ದ್ರವ. ಮೊದಲ ನಾಲ್ಕು ತಿಂಗಳಲ್ಲಿ ಗಾಳಿ ಹೋಗುವ ನಾಳಗಳು ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತವೆ. ಸುಮಾರು 16ನೇ ವಾರದಿಂದ 26ನೇ ವಾರದೊಳಗೆ ಆ ಕೊಂಬೆಗಳ ತುದಿಗೆ ರಕ್ತನಾಳಗಳು ಹತ್ತಿರ ಬರುತ್ತವೆ. ಆಮೇಲೆ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳು ಮೂಡುತ್ತವೆ. ಸುಮಾರು 36ನೇ ವಾರದ ನಂತರ ಆ ಚೀಲಗಳ ಒಳಗೆ ಗೋಡೆಗಳು ಎದ್ದು, ಒಂದು ದೊಡ್ಡ ಕೋಣೆ ಹಲವು ಸಣ್ಣ ಕೋಣೆಗಳಾಗುತ್ತದೆ. ಈ ಸಣ್ಣ ಕೋಣೆಗಳೇ ಗಾಳಿಗೂಡುಗಳು. ಹುಟ್ಟಿದ ಮೇಲೂ ಕೆಲವು ವರ್ಷ ಈ ಕೆಲಸ ನಡೆಯುತ್ತಲೇ ಇರುತ್ತದೆ. ದೊಡ್ಡವರಾದ ಮೇಲೆ ನಮ್ಮೊಳಗೆ ಇಂಥ ಗೂಡುಗಳು ಕೋಟಿಗಟ್ಟಲೆ ಇರುತ್ತವೆ.

ಗೂಡು ಇದ್ದರೆ ಸಾಕಾಗುವುದಿಲ್ಲ, ಅದು ತೆರೆದುಕೊಂಡಿರಬೇಕು. ಒದ್ದೆಯಾದ ಎರಡು ಪ್ಲಾಸ್ಟಿಕ್ ಹಾಳೆ ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೋ ಹಾಗೆ ಒದ್ದೆ ಗೂಡಿನ ಗೋಡೆಗಳೂ ಅಂಟಿಕೊಳ್ಳುತ್ತವೆ. ಹಾಗಾಗದಂತೆ ತಡೆಯಲು ಶ್ವಾಸಕೋಶದ ಕೆಲವು ಜೀವಕೋಶಗಳು ಸಾಬೂನಿನಂತೆ ಜಾರುವ ಒಂದು ಜಿಡ್ಡನ್ನು ಸ್ರವಿಸುತ್ತವೆ. ಅದರ ಹೆಸರು ಸರ್ಫ್ಯಾಕ್ಟಂಟ್. ಹೊಟ್ಟೆಯೊಳಗೆ ಕೊನೆಯ ಮೂರು ತಿಂಗಳಲ್ಲಿ ಇದು ಹೆಚ್ಚುತ್ತಾ ಹೋಗುತ್ತದೆ. ದಿನ ತುಂಬದ ಮಗುವಿಗೆ ಇದು ಸಾಲದು. 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಇದನ್ನು ತೋರಿಸಿಕೊಟ್ಟರು. ಉಸಿರಾಟದ ತೊಂದರೆಯಿಂದ ತೀರಿಕೊಂಡ ಎಳೆಯ ಮಕ್ಕಳ ಶ್ವಾಸಕೋಶದಲ್ಲಿ ಈ ಜಿಡ್ಡಿನ ಕೊರತೆ ಇತ್ತು.

ಆದರೆ ಕಾರಣ ಗೊತ್ತಾದ ಕೂಡಲೇ ಮದ್ದು ಸಿಗಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. 39 ಗಂಟೆ ಬದುಕಿದ, ಅಷ್ಟೆ. ಜಗತ್ತಿನ ಅತ್ಯಂತ ಬಲಶಾಲಿ ದೇಶದ ಅಧ್ಯಕ್ಷನ ಮಗುವಿಗೂ ಆಗ ಮಾಡಲು ಬಹಳವೇನೂ ಇರಲಿಲ್ಲ. ಇವತ್ತು ಅಷ್ಟೇ ವಾರಕ್ಕೆ ಹುಟ್ಟಿದ ಮಕ್ಕಳು ನಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆಗಳಿಂದ ನಗುತ್ತಾ ಮನೆಗೆ ಬರುತ್ತಿದ್ದಾರೆ, ಅಲ್ಹಮ್ದುಲಿಲ್ಲಾಹ್. ಈ ನಡುವೆ ಏನಾಯಿತು?

ಆಕ್ಲೆಂಡ್‌ನ ಕುರಿಮರಿಗಳು

ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಹೆರಿಗೆ ವೈದ್ಯರಿದ್ದರು. ಅವರು ಹುಡುಕುತ್ತಿದ್ದದ್ದು ಬೇರೆಯೇ ವಿಷಯ, ಹೆರಿಗೆ ನೋವು ಶುರುವಾಗುವುದು ಹೇಗೆ ಅಂತ. ಅದಕ್ಕಾಗಿ ಹೊಟ್ಟೆಯಲ್ಲಿರುವ ಕುರಿಮರಿಗೆ ಸ್ಟೀರಾಯ್ಡ್ ಜಾತಿಯ ಔಷಧ ಕೊಟ್ಟು ನೋಡಿದರು. ಕುರಿಯ ಗರ್ಭದ ಅವಧಿ ಸುಮಾರು 150 ದಿನ. ಮದ್ದು ಕೊಟ್ಟ ಮರಿಗಳು 120 ದಿನದ ಆಸುಪಾಸಿನಲ್ಲೇ ಹುಟ್ಟಿದವು. ಅಷ್ಟು ಬೇಗ ಹುಟ್ಟಿದ ಮರಿಯ ಶ್ವಾಸಕೋಶದೊಳಗೆ ಗಾಳಿ ಹೋಗುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಆ ಮರಿಗಳಲ್ಲಿ ಉಸಿರಾಡಿದವು ಇದ್ದವು. ಕೊಯ್ದು ನೋಡಿದರೆ ಶ್ವಾಸಕೋಶ ಭಾಗಶಃ ಗಾಳಿ ತುಂಬಿ ಹಿಗ್ಗಿತ್ತು. ಮದ್ದು ಶ್ವಾಸಕೋಶವನ್ನು ಬೇಗ ಮಾಗಿಸಿತ್ತು! 1969ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅದೇ ಊರಿನ ಮಕ್ಕಳ ವೈದ್ಯ ರಾಸ್ ಹೋವಿ ಅವರ ಜತೆ ಸೇರಿ ಲಿಗಿನ್ಸ್ ತಾಯಂದಿರ ಮೇಲೆ ಪರೀಕ್ಷೆ ಆರಂಭಿಸಿದರು. ಬೇಗ ಹೆರಿಗೆ ಆಗುವ ಸಂಭವವಿದ್ದ 282 ತಾಯಂದಿರು. ಅರ್ಧದಷ್ಟು ಮಂದಿಗೆ ಬೀಟಾಮೆಥಾಸೋನ್ ಇಂಜೆಕ್ಷನ್, ಉಳಿದವರಿಗೆ ಅದಿಲ್ಲದ ಇಂಜೆಕ್ಷನ್. 1972ರಲ್ಲಿ ಫಲಿತಾಂಶ ಹೊರಬಂತು. ಮದ್ದು ಪಡೆದ ಗುಂಪಿನಲ್ಲಿ ಹುಟ್ಟಿದ ಮೊದಲ ದಿನಗಳಲ್ಲೇ ತೀರಿಕೊಂಡ ಮಕ್ಕಳು ನೂರಕ್ಕೆ 3.2, ಮದ್ದಿಲ್ಲದ ಗುಂಪಿನಲ್ಲಿ 15. ಉಸಿರಾಟದ ತೊಂದರೆ ಕಂಡದ್ದು ನೂರಕ್ಕೆ 9ರಲ್ಲಿ, ಇನ್ನೊಂದು ಗುಂಪಿನಲ್ಲಿ 25.8. ಇಷ್ಟಾದರೂ ಈ ಇಂಜೆಕ್ಷನ್ ಎಲ್ಲ ಕಡೆ ಬಳಕೆಗೆ ಬರಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಸೇರಿಸಿ ‘ಇದನ್ನು ಕೊಡಿ’ ಎಂದು ಗಟ್ಟಿಯಾಗಿ ಹೇಳಿಸಿದ್ದು 1994ರಲ್ಲಿ.

ಶ್ವಾಸಕೋಶ ಅಳೆಯುವುದು ಹೇಗೆ?

‘ಮಾಗಿದೆ’ ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ವಿಜ್ಞಾನ ಒಪ್ಪುವುದಿಲ್ಲ. ಎಷ್ಟು ಮಾಗಿದೆ ಎಂದು ಸಂಖ್ಯೆಯಲ್ಲಿ ಹೇಳಬೇಕು. ಹಾಗಾದರೆ ಅಳೆಯುವುದು ಹೇಗೆ?

ಮರಿಯ ಶ್ವಾಸಕೋಶಕ್ಕೆ ಶ್ವಾಸನಾಳದ ಮೂಲಕ ಫಾರ್ಮಲಿನ್‌ನಂಥ ದ್ರವವನ್ನು ಒಂದೇ ಒತ್ತಡದಲ್ಲಿ ತುಂಬುತ್ತಾರೆ. ಯಾಕೆ ಒಂದೇ ಒತ್ತಡ? ಅರ್ಧ ಊದಿದ ಬಲೂನನ್ನೂ ಪೂರ್ತಿ ಊದಿದ ಬಲೂನನ್ನೂ ಪಕ್ಕಪಕ್ಕ ಇಟ್ಟು ಅಳೆದರೆ ಲೆಕ್ಕ ತಪ್ಪುತ್ತದಲ್ಲ, ಅದಕ್ಕೆ. ಆಮೇಲೆ ಅದನ್ನು ನೀರಿನಲ್ಲಿ ಮುಳುಗಿಸಿ, ಎಷ್ಟು ನೀರನ್ನು ಸರಿಸುತ್ತದೆ ನೋಡಿ ಒಟ್ಟು ಗಾತ್ರ ತಿಳಿಯುತ್ತಾರೆ. ನಂತರ ಕೂದಲಿಗಿಂತಲೂ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ.

ಆ ಚಿತ್ರದ ಮೇಲೆ ನೇರ ಗೆರೆಗಳನ್ನು ಎಳೆದು, ಒಂದೊಂದು ಗೆರೆ ಎಷ್ಟು ಗೋಡೆಗಳನ್ನು ದಾಟುತ್ತದೆ ಎಂದು ಎಣಿಸುತ್ತಾರೆ. ಒಂದು ಮನೆಯ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿದೆವು ಅಂತ ಇಟ್ಟುಕೊಳ್ಳಿ. ದೊಡ್ಡ ಹಾಲ್ ಒಂದೇ ಇದ್ದರೆ ಹಗ್ಗಕ್ಕೆ ಗೋಡೆ ಅಡ್ಡ ಬರುವುದು ಕಡಿಮೆ. ಸಣ್ಣ ಸಣ್ಣ ಕೋಣೆಗಳಿದ್ದರೆ ಹೆಜ್ಜೆಗೊಂದು ಗೋಡೆ. ಶ್ವಾಸಕೋಶದಲ್ಲೂ ಹಾಗೆಯೇ. ಗೋಡೆ ಹೆಚ್ಚಿದ್ದಷ್ಟೂ ಗೂಡುಗಳು ಹೆಚ್ಚು, ಆಮ್ಲಜನಕ ರಕ್ತಕ್ಕೆ ಸೇರುವ ಜಾಗವೂ ಹೆಚ್ಚು. ಇನ್ನೊಂದು ವಿಧಾನವನ್ನು ಎಮರಿ ಮತ್ತು ಮಿಥಲ್ 1960ರಲ್ಲಿ ಬರೆದರು. ಗಾಳಿ ನಾಳದ ತುದಿಯಿಂದ ಆ ಭಾಗದ ಅಂಚಿನವರೆಗೆ ಒಂದು ಗೆರೆ ಎಳೆದು, ನಡುವೆ ಎಷ್ಟು ಗೂಡು ಸಿಗುತ್ತದೆ ಎಂದು ಎಣಿಸುವುದು. ಮಗು ಬೆಳೆದಂತೆ ಈ ಎಣಿಕೆ ಏರುತ್ತದೆ. ಸ್ವಿಟ್ಜರ್ಲೆಂಡ್ ಮೂಲದ ಎವಾಲ್ಡ್ ವೈಬೆಲ್ 1963ರಲ್ಲಿ ಮನುಷ್ಯರ ಶ್ವಾಸಕೋಶದ ಅಳತೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದು ಈ ಲೆಕ್ಕಕ್ಕೆ ಅಡಿಪಾಯ ಹಾಕಿದರು.

ಬೇರೆ ಬೇರೆ ಪ್ರಾಣಿ ಯಾಕೆ ಬೇಕು? ಒಂದೊಂದು ಪ್ರಾಣಿಯೂ ಒಂದೊಂದು ಹಂತದಲ್ಲಿ ಹುಟ್ಟುತ್ತದೆ. ದಿನ ತುಂಬಿದ ಕುರಿಮರಿಗೆ ಹುಟ್ಟುವಾಗಲೇ ಗಾಳಿಗೂಡುಗಳು ಇರುತ್ತವೆ. ಇಲಿಮರಿ ಹಾಗಲ್ಲ. ಅದು ದಿನ ತುಂಬಿಯೇ ಹುಟ್ಟಿದರೂ ಅದರ ಶ್ವಾಸಕೋಶ ನಮ್ಮ ದಿನ ತುಂಬದ ಮಗುವಿನಂತೆ ಬರೀ ಚೀಲಗಳ ಹಂತದಲ್ಲಿರುತ್ತದೆ. ಗೋಡೆ ಏಳುವುದು ಹುಟ್ಟಿದ ಮೇಲೆ. ಹಾಗಾಗಿ ಬೇಗ ಹುಟ್ಟಿದ ಮಗುವಿನ ಎದೆಯೊಳಗೆ ಏನಾಗುತ್ತದೆ ಎಂಬುದನ್ನು ಇಲಿಮರಿಯಲ್ಲಿ ನೋಡಬಹುದು.

ಹಾಗೆ ನೋಡಿದಾಗಲೇ ಒಂದು ಎಚ್ಚರಿಕೆಯೂ ಸಿಕ್ಕಿತು. ಹುಟ್ಟಿದ ಇಲಿಮರಿಗಳಿಗೆ ಸ್ಟೀರಾಯ್ಡ್ ಕೊಟ್ಟು ಅಳೆದಾಗ ಗೋಡೆ ಏಳುವ ಕೆಲಸಕ್ಕೇ ತಡೆ ಬಿದ್ದಿತ್ತು. ಕುರಿಗಳಿಗೆ ಅದೇ ಇಂಜೆಕ್ಷನ್ ಮತ್ತೆ ಮತ್ತೆ ಕೊಟ್ಟಾಗ ಮರಿಗಳ ತೂಕ ಕಡಿಮೆಯಾಗಿತ್ತು. ನಾವು ಮಾವಿನಕಾಯಿಯನ್ನು ಬೈಹುಲ್ಲಿನಲ್ಲಿಟ್ಟು ಹಣ್ಣು ಮಾಡುತ್ತೇವಲ್ಲ, ಹಾಗೆ. ಬೇಗ ಹಣ್ಣಾಗುತ್ತದೆ ನಿಜ, ಆದರೆ ಕೊಯ್ದ ಕಾಯಿ ಮತ್ತೆ ದೊಡ್ಡದಾಗುವುದಿಲ್ಲ. ಅಗತ್ಯವಿದ್ದಾಗ, ಸರಿಯಾದ ವಾರದಲ್ಲಿ, ಹೇಳಿದಷ್ಟೇ ಕೊಟ್ಟರೆ ಅದು ಮದ್ದು. ಸುಮ್ಮನೆ ಕೊಟ್ಟರೆ ಅಲ್ಲ.

ಇಲ್ಲಿ ಒಂದು ಮಾತು. ಮೂಕಪ್ರಾಣಿಯನ್ನು ಹೀಗೆ ಕೊಯ್ಯುವುದು ಸರಿಯಾ ಎಂದು ಮದ್ರಸದ ಮಕ್ಕಳೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಪ್ರಾಣಿಗೆ ವಿನಾಕಾರಣ ಹಿಂಸೆ ಕೊಡುವುದು ನಮ್ಮ ದೀನಿನಲ್ಲಿ ಪಾಪ. ನಮ್ಮ ದೇಶದ ಕಾನೂನೂ ಅದನ್ನು ಒಪ್ಪುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರ ಸರಕಾರದ ಒಂದು ಸಮಿತಿ ಇದೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆಗಳು ಮೊದಲು ಅನುಮತಿ ಪಡೆಯಬೇಕು, ನೋವು ಆದಷ್ಟು ಕಡಿಮೆ ಮಾಡಬೇಕು. ಒಂದು ಜೀವದಿಂದ ಕಲಿತದ್ದನ್ನು ಸಾವಿರ ಜೀವ ಉಳಿಸಲು ಬಳಸದೆ ಬಿಟ್ಟರೆ ಅದೂ ಆ ಜೀವಕ್ಕೆ ಮಾಡುವ ಅನ್ಯಾಯವೇ.

ಬೆಳಗಾವಿಯ ಎರಡು ಅಧ್ಯಯನಗಳು

ಈಗ ಬೆಳಗಾವಿಗೆ ಬರೋಣ. ಶ್ರೀಮಂತ ದೇಶದ ದೊಡ್ಡ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬಂದ ಇಂಜೆಕ್ಷನ್ ನಮ್ಮ ಹಳ್ಳಿಯಲ್ಲೂ ಹಾಗೆಯೇ ಕೆಲಸ ಮಾಡುತ್ತದಾ? ಇದನ್ನು ತಿಳಿಯಲು 2011ರಿಂದ 2014ರವರೆಗೆ ಆರು ದೇಶಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರಲ್ಲಿದ್ದವು. ಹತ್ತಿರ ಹತ್ತಿರ ಒಂದು ಲಕ್ಷ ಹೆರಿಗೆಗಳ ಲೆಕ್ಕ. ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟು, ಬೇಗ ಹೆರಿಗೆಯಾಗುವ ಲಕ್ಷಣ ಕಂಡ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡಿಸಲಾಯಿತು. ತಿಂಗಳ ಲೆಕ್ಕ ಗೊತ್ತಿಲ್ಲದ ಕಡೆ ಬಣ್ಣದ ಪಟ್ಟಿಯಿರುವ ಟೇಪಿನಿಂದ ಹೊಟ್ಟೆಯ ಎತ್ತರ ಅಳೆದು ಅಂದಾಜು ಮಾಡಿದರು.

ಫಲಿತಾಂಶ ನಿರೀಕ್ಷೆಗೆ ತಿರುವುಮುರುವು. ತೀರಾ ಸಣ್ಣ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಎಲ್ಲ ಮಕ್ಕಳನ್ನು ಸೇರಿಸಿ ನೋಡಿದರೆ ಇಂಜೆಕ್ಷನ್ ಕಾರ್ಯಕ್ರಮ ಇದ್ದ ಪ್ರದೇಶಗಳಲ್ಲಿ ಸಾವಿರಕ್ಕೆ 27.4 ಎಳೆಯ ಮಕ್ಕಳು ತೀರಿಕೊಂಡಿದ್ದರು, ಇಲ್ಲದ ಪ್ರದೇಶಗಳಲ್ಲಿ 23.9. ತಾಯಂದಿರಲ್ಲಿ ಸೋಂಕಿನ ಲಕ್ಷಣವೂ ಹೆಚ್ಚು ಕಂಡಿತು. ಇಂಜೆಕ್ಷನ್ ಪಡೆದ ತಾಯಂದಿರಲ್ಲಿ ಹೆಚ್ಚಿನವರಿಗೆ ಹುಟ್ಟಿದ್ದು ತೀರಾ ಸಣ್ಣ ಮಗುವೇನೂ ಆಗಿರಲಿಲ್ಲ. ಈ ಫಲಿತಾಂಶವನ್ನು ಮುಚ್ಚಿಡದೆ ಜಗತ್ತಿನ ಮುಂದೆ ಇಟ್ಟರು, ಅದನ್ನು ಮೆಚ್ಚಬೇಕು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಷರತ್ತು ಹಾಕಿತು. ಗರ್ಭದ ವಾರ ಸರಿಯಾಗಿ ಗೊತ್ತಿರಬೇಕು, ತಾಯಿಗೆ ಸೋಂಕು ಇರಬಾರದು, ಹೆರಿಗೆಗೂ ಹುಟ್ಟಿದ ಮಗುವಿಗೂ ಸರಿಯಾದ ಆರೈಕೆ ಸಿಗುವ ಜಾಗದಲ್ಲೇ ಕೊಡಬೇಕು.

ಎರಡನೆಯ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯದ್ದೇ. 2017ರ ಕೊನೆಯಿಂದ 2019ರವರೆಗೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೆನ್ಯಾ, ನೈಜೀರಿಯಾದ 29 ಆಸ್ಪತ್ರೆಗಳಲ್ಲಿ ನಡೆಯಿತು. ಇದರಲ್ಲೂ ಬೆಳಗಾವಿಯ ಕಾಲೇಜು ಪಾಲುಗೊಂಡಿತು. ಈ ಸಲ ಅಂದಾಜು ಇಲ್ಲ, ಸ್ಕ್ಯಾನ್ ಮಾಡಿ ವಾರ ಖಚಿತಪಡಿಸಿಕೊಂಡರು. 26 ವಾರ ತುಂಬಿ 34 ವಾರ ಆಗದ 2,852 ತಾಯಂದಿರು. ಯಾರಿಗೆ ಮದ್ದು, ಯಾರಿಗೆ ಬರೀ ಇಂಜೆಕ್ಷನ್ ಎಂಬುದು ತಾಯಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಮದ್ದು ಪಡೆದ ಕಡೆ ನೂರಕ್ಕೆ 19.6 ಮಕ್ಕಳು ತೀರಿಕೊಂಡಿದ್ದರು, ಇನ್ನೊಂದು ಕಡೆ 23.5. ತಾಯಂದಿರ ಸೋಂಕು ಹೆಚ್ಚಿರಲಿಲ್ಲ. 25 ತಾಯಂದಿರಿಗೆ ಇಂಜೆಕ್ಷನ್ ಕೊಟ್ಟರೆ ಒಂದು ಮಗು ಹೆಚ್ಚು ಉಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳಿತು. ಬೆಲೆಯೂ ಬಹಳ ಕಡಿಮೆಯ ಹಳೆಯ ಔಷಧ ಅದು.

ಒಂದೇ ಇಂಜೆಕ್ಷನ್, ಎರಡು ಫಲಿತಾಂಶ. ವ್ಯತ್ಯಾಸ ಎಲ್ಲಿತ್ತು? ವಾರ ಸರಿಯಾಗಿ ಎಣಿಸಿದ್ದರಲ್ಲಿ ಮತ್ತು ಸರಿಯಾದ ಆಸ್ಪತ್ರೆಯಲ್ಲಿ. ಕುರಿಮರಿಯ ಶ್ವಾಸಕೋಶವನ್ನು ಗೆರೆ ಹಾಕಿ ಎಣಿಸಿದವರ ಶ್ರಮ ಫಲಿಸಬೇಕಾದರೆ, ತಾಯಿಯ ದಿನಗಳನ್ನೂ ಅಷ್ಟೇ ಜಾಗ್ರತೆಯಿಂದ ಎಣಿಸಿರಬೇಕು. ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಮಳೆಗಾಲದಲ್ಲಿ ಆಸ್ಪತ್ರೆ ತಲುಪುವುದೇ ದೊಡ್ಡ ಕಷ್ಟ. ಅಂಥ ಕಡೆ ಮೊದಲೇ ವಾರ ಗೊತ್ತಿದ್ದರೆ, ಮೊದಲೇ ಹೊರಡಬಹುದು.

ನಮ್ಮ ಮನೆಯ ಲೆಕ್ಕ

ನಮ್ಮ ಮನೆಗಳಲ್ಲಿ ‘ಎಂಟು’ ಅಂದರೆ ಏನು? ಒಬ್ಬರಿಗೆ ಎಂಟು ತುಂಬಿದ್ದು, ಇನ್ನೊಬ್ಬರಿಗೆ ಎಂಟರಲ್ಲಿ ನಡೆಯುತ್ತಿರುವುದು. ಕೆಲವರು ಇಂಗ್ಲಿಷ್ ತಿಂಗಳು ಹಿಡಿದರೆ, ಹಿರಿಯ ಉಮ್ಮಂದಿರು ರಜಬ್, ಶಅಬಾನ್, ರಮಳಾನ್ ಅಂತ ಚಂದ್ರನ ತಿಂಗಳು ಎಣಿಸುತ್ತಾರೆ. ಕೆಲವರು ಕೊನೆಯ ಮುಟ್ಟಿನ ದಿನದಿಂದ ಎಣಿಸಿದರೆ, ಕೆಲವರು ಮುಟ್ಟು ನಿಂತಿತು ಎಂದು ಗೊತ್ತಾದ ದಿನದಿಂದ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಡಾಕ್ಟರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಒಟ್ಟು 280 ದಿನ, ಅಂದರೆ 40 ವಾರ. ಇಂಗ್ಲಿಷ್ ತಿಂಗಳಲ್ಲಿ ‘ಎಂಟರಲ್ಲಿ’ ಕಾಲಿಟ್ಟದ್ದು ಅಂದರೆ ಸುಮಾರು 30 ವಾರ. ‘ಎಂಟು ತುಂಬಿತು’ ಅಂದರೆ ಸುಮಾರು 35 ವಾರ. ಮುಟ್ಟು ನಿಂತ ದಿನದಿಂದ ಎಣಿಸಿ ಎಂಟು ತುಂಬಿದೆ ಅಂದರೆ ಅದು ಸುಮಾರು 39 ವಾರ, ಅಂದರೆ ದಿನ ತುಂಬಿದ ಮಗು! ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ, ಹಾಗಾಗಿ ಅದರ ಎಂಟು ತುಂಬುವುದು 34 ವಾರಕ್ಕೆ ಸ್ವಲ್ಪ ಮೊದಲು. ನೋಡಿ, ‘ಎಂಟು’ ಎಂಬ ಒಂದೇ ಮಾತಿನೊಳಗೆ 30 ವಾರವೂ ಇದೆ, 39 ವಾರವೂ ಇದೆ. ಆ ಹಳೇ ನಂಬಿಕೆ ಇಷ್ಟು ಕಾಲ ಬದುಕಿದ್ದಕ್ಕೆ ಇಂಥ ಎಣಿಕೆಯೂ ಒಂದು ಕಾರಣ ಇರಬಹುದು. 30 ವಾರದ ಮಗುವಿಗೆ ಇಂಜೆಕ್ಷನ್ ಬೇಕು, ಎನ್‌ಐಸಿಯು ಬೇಕು. 39 ವಾರದ ಮಗುವಿಗೆ ಆ ಇಂಜೆಕ್ಷನ್ ಬೇಡ. ಡಾಕ್ಟರ ಮುಂದೆ ‘ಎಂಟು’ ಅಂತ ಮಾತ್ರ ಹೇಳಿದರೆ ಅವರೇನು ಮಾಡಬೇಕು?

ದಿನಗಳ ಲೆಕ್ಕ ನಮಗೆ ಹೊಸದೇನೂ ಅಲ್ಲ. ಗರ್ಭದ ಕನಿಷ್ಠ ಅವಧಿ ಆರು ತಿಂಗಳು ಎಂಬುದನ್ನು ನಮ್ಮ ಫುಖಹಾಗಳು ಶತಮಾನಗಳ ಹಿಂದೆಯೇ ಚರ್ಚಿಸಿ ಬರೆದಿಟ್ಟಿದ್ದಾರೆ. ಇದ್ದತ್‌ನ ದಿನ, ಝಕಾತ್‌ನ ವರ್ಷ, ಉಪವಾಸದ ಚಂದ್ರದರ್ಶನ, ಎಲ್ಲವನ್ನೂ ನಾವು ಎಣಿಸುತ್ತೇವೆ. ಬಸುರಿಯ ವಾರ ಎಣಿಸಲು ಯಾಕೆ ಉದಾಸೀನ?

ಆ ಜಿಡ್ಡು ಎಲ್ಲಿಂದ ಬರುತ್ತದೆ?

ಇಂಜೆಕ್ಷನ್ ಕೊಡುವಷ್ಟು ಸಮಯ ಸಿಗದೆ ಮಗು ಹುಟ್ಟಿಬಿಟ್ಟರೆ, ಅಥವಾ ಕೊಟ್ಟರೂ ಮಗು ಉಸಿರಿಗೆ ಕಷ್ಟಪಟ್ಟರೆ, ಸರ್ಫ್ಯಾಕ್ಟಂಟನ್ನೇ ನೇರವಾಗಿ ಶ್ವಾಸಕೋಶಕ್ಕೆ ಹಾಕುತ್ತಾರೆ. ಇದರ ಹಿಂದೆಯೂ ಪ್ರಾಣಿಗಳ ಪಾಲು ಇದೆ. 1972ರಲ್ಲಿ ಎನ್‌ಹೋರ್ನಿಂಗ್ ಮತ್ತು ರಾಬರ್ಟ್‌ಸನ್ ಬೇಗ ಹುಟ್ಟಿದ ಮೊಲದ ಮರಿಗಳಿಗೆ ಇದನ್ನು ಕೊಟ್ಟಾಗ ಅವುಗಳ ಶ್ವಾಸಕೋಶ ತೆರೆದುಕೊಂಡಿತು. 1980ರಲ್ಲಿ ಜಪಾನಿನ ಟೆಟ್ಸುರೊ ಫುಜಿವಾರಾ ದನದ ಶ್ವಾಸಕೋಶದಿಂದ ತಯಾರಿಸಿದ್ದನ್ನು ಹತ್ತು ಎಳೆಯ ಮಕ್ಕಳಿಗೆ ಕೊಟ್ಟು ಫಲ ಕಂಡರು.

ಇಲ್ಲೇ ನಮ್ಮವರಿಗೆ ಒಂದು ಪ್ರಶ್ನೆ ಏಳುತ್ತದೆ. ಇಂದು ಬಳಕೆಯಲ್ಲಿರುವ ಸರ್ವಾಂಟಾ, ನಿಯೋಸರ್ಫ್ ದನದ ಶ್ವಾಸಕೋಶದಿಂದ ತಯಾರಾದವು. ಕ್ಯುರೋಸರ್ಫ್ ಹಂದಿಯ ಶ್ವಾಸಕೋಶದಿಂದ. ಆಡಿನ ಶ್ವಾಸಕೋಶದಿಂದ ತಯಾರಿಸಿದ್ದನ್ನೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಎಳೆಯ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಹಾಗಾದರೆ ಹಂದಿಯಿಂದ ಬಂದದ್ದನ್ನು ನಮ್ಮ ಮಗುವಿಗೆ ಕೊಡಬಹುದಾ?

ಪರ್ಯಾಯ ಇದ್ದರೆ ಅದನ್ನು ಕೇಳಿ, ಸಂಕೋಚ ಬೇಡ. “ಡಾಕ್ಟರೇ, ದನದ್ದು ಸಿಗುತ್ತದಾ?” ಎಂದು ಕೇಳುವುದರಲ್ಲಿ ತಪ್ಪಿಲ್ಲ. ಪರಿಶುದ್ಧವಾದ ಔಷಧ ಸಿಗದೆ, ಜೀವ ಅಪಾಯದಲ್ಲಿದ್ದಾಗ, ನಿಷಿದ್ಧವಾದದ್ದೂ ಅಗತ್ಯ ಇರುವಷ್ಟರ ಮಟ್ಟಿಗೆ ಅನುಮತಿ ಪಡೆಯುತ್ತದೆ ಎಂಬುದು ಫಿಖ್‌ಹ್‌ನ ಪ್ರಸಿದ್ಧ ನಿಯಮ. ಈ ಔಷಧ ಹೆಚ್ಚು ಉಪಕಾರ ಮಾಡುವುದು ಹುಟ್ಟಿದ ಮೊದಲ ಕೆಲವೇ ಗಂಟೆಗಳಲ್ಲಿ. ಮಗು ಎದೆ ಎಳೆದು ಉಸಿರಾಡುತ್ತಿರುವಾಗ ಉಸ್ತಾದರಿಗೆ ಫೋನ್ ಹಚ್ಚಿಕೊಂಡು ವೆರಾಂಡದಲ್ಲಿ ನಿಲ್ಲುವ ಸಮಯ ಅದಲ್ಲ. ಸಂಶಯ ಇದ್ದವರು ಏಳನೇ ತಿಂಗಳಲ್ಲೇ ನಿಮ್ಮ ಜಮಾಅತಿನ ಖತೀಬರ ಹತ್ತಿರ ಕೇಳಿ, ಮನಸ್ಸು ಸಮಾಧಾನ ಮಾಡಿಕೊಂಡಿರಿ.

ಮನೆಯವರು ಏನು ಮಾಡಬೇಕು?

ಮೊದಲನೆಯದು, ಕೊನೆಯ ಮುಟ್ಟಿನ ದಿನವನ್ನು ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲೇ ಒಂದು ಗುರುತು ಹಾಕಿದರೂ ಸಾಕು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎರಡನೆಯದು, ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿಸಿ. ವಾರ ನಿರ್ಧರಿಸಲು ಆರಂಭದ ಸ್ಕ್ಯಾನೇ ಹೆಚ್ಚು ನಂಬಿಕೆಯದ್ದು. ತಡವಾದಷ್ಟೂ ಅದರ ಲೆಕ್ಕ ಹಿಂದೆ ಮುಂದೆ ಆಗುತ್ತದೆ. ತಾಯಿ ಕಾರ್ಡ್ ಮಾಡಿಸಿಕೊಳ್ಳಿ, ಆಶಾ ಕಾರ್ಯಕರ್ತೆ ಬಂದಾಗ ಬಾಗಿಲಿಂದಲೇ ಕಳಿಸಬೇಡಿ.

ಮೂರನೆಯದು, ತವರಿಗೆ ಕರೆದುಕೊಂಡು ಹೋಗುವ ಮೊದಲು ಡಾಕ್ಟರಲ್ಲಿ ಕೇಳಿ. ಹೋಗುವುದಾದರೆ ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಹುಡುಗಿಯ ಕೈಚೀಲದಲ್ಲೇ ಇರಲಿ, ಬಸ್ಸಿನ ಡಿಕ್ಕಿಯಲ್ಲಿ ಅಲ್ಲ. ತವರೂರಿನಲ್ಲಿ ಎಳೆಯ ಮಕ್ಕಳ ಎನ್‌ಐಸಿಯು ಇರುವ ಆಸ್ಪತ್ರೆ ಯಾವುದು ಎಂದು ಮೊದಲೇ ವಿಚಾರಿಸಿಟ್ಟಿರಿ.

ನಾಲ್ಕನೆಯದು, 37 ವಾರಕ್ಕೆ ಮೊದಲು ಬಿಟ್ಟುಬಿಟ್ಟು ಹೊಟ್ಟೆನೋವು, ಸೊಂಟನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿ. ಗಂಡ ಗಲ್ಫ್‌ನಲ್ಲಿದ್ದಾನೆ, ಫೋನ್ ಎತ್ತಲಿಲ್ಲ, ಅವನನ್ನು ಕೇಳದೆ ಹೇಗೆ ಹೋಗುವುದು ಅಂತ ಕಾಯುವುದು ಬೇಡ. ವಿದೇಶದಲ್ಲಿರುವ ಗಂಡಸರೇ, ನೀವೂ ಮೊದಲೇ ಹೇಳಿಬಿಡಿ, ‘ನನ್ನನ್ನು ಕಾಯಬೇಡಿ, ಹೊರಡಿ’ ಅಂತ. ತಾಯಿಗೆ ಕೊಡುವ ಈ ಇಂಜೆಕ್ಷನ್ 12 ಗಂಟೆಗೊಂದರಂತೆ ನಾಲ್ಕು ಸಲ ಕೊಡುವಂಥದ್ದು. ಹೆರಿಗೆಗೆ ಮೊದಲು ಸಿಗುವ ಒಂದೊಂದು ಗಂಟೆಗೂ ಬೆಲೆ ಉಂಟು. ಕೇಂದ್ರ ಸರಕಾರದ 2014ರ ಮಾರ್ಗಸೂಚಿಯಂತೆ, ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ತರಬೇತಿ ಪಡೆದ ನರ್ಸಮ್ಮನೂ ಮೊದಲ ಡೋಸ್ ಕೊಡಬಹುದು. ಬೇಡ ಎನ್ನಬೇಡಿ. ಹಾಗೆಯೇ, ‘ಯಾರೋ ಕೊಡಿಸಿದ್ರಂತೆ, ನಮಗೂ ಕೊಡಿ’ ಎಂದು ದಿನ ತುಂಬಿದವರು ಕೇಳಿ ಹಾಕಿಸಿಕೊಳ್ಳುವುದೂ ಬೇಡ.

ಐದನೆಯದು, ಮಗು ಸಣ್ಣದಾಗಿ ಹುಟ್ಟಿದರೆ ವೈದ್ಯರು ಎದೆಗೆ ಎದೆ ತಾಗಿಸಿ ಮಲಗಿಸಿಕೊಳ್ಳಲು ಹೇಳುತ್ತಾರೆ. ಕಾಂಗರೂ ಆರೈಕೆ ಎನ್ನುತ್ತಾರೆ ಅದಕ್ಕೆ. ತಾಯಿ ಸುಸ್ತಾಗಿದ್ದರೆ ಬಾಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ಹಣದ ಚಿಂತೆ ಇದ್ದವರು ಸರಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಹೆರಿಗೆಗೂ ಕಾಯಿಲೆ ಬಿದ್ದ ಎಳೆಯ ಮಗುವಿನ ಚಿಕಿತ್ಸೆಗೂ ದುಡ್ಡು ತೆಗೆದುಕೊಳ್ಳಬಾರದು ಎಂಬ ಯೋಜನೆ 2011ರಿಂದಲೇ ಇದೆ.

ಭಾರತದಲ್ಲಿ 2020ರ ಒಂದೇ ವರ್ಷ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದ್ದಾರೆ. ಜಗತ್ತಿನಲ್ಲೇ ಅತಿ ಹೆಚ್ಚು ನಮ್ಮಲ್ಲಿ. ಅಂದರೆ ನಮ್ಮ ಪ್ರತಿ ಜಮಾಅತಿನಲ್ಲೂ ಇಂಥ ಒಂದು ಮಗು ಇದ್ದೇ ಇರುತ್ತದೆ. ಹಯಾತ್ ಕೊಡುವವನು ಅಲ್ಲಾಹನು. ದಿನ ಎಣಿಸುವುದು, ಹೊತ್ತಿಗೆ ಹೊರಡುವುದು ನಮ್ಮ ಕೈಯಲ್ಲಿರುವ ಕೆಲಸ. ಇನ್ನು ಮುಂದೆ ಮನೆಯ ಬಸುರಿಯ ಬಗ್ಗೆ ಯಾರಾದರೂ “ಎಷ್ಟಾಯ್ತು?” ಎಂದು ಕೇಳಿದರೆ, ತಿಂಗಳು ಹೇಳಬೇಡಿ, ವಾರ ಹೇಳಿ.